ಸುರಂಗಕ್ಕೆ ಒಯ್ಯುವ ಟಾರ್ಚ್

ಚೆನ್ನುವಿನ ಮನೆಯಲ್ಲಿ ಟಾರ್ಚ್ ಎಂದರೆ ಎರಡು ಪೆಟ್ಟು ತಿಂದ ಮೇಲೆ ಉರಿಯುವ ಸಾಮಾನು. ಸ್ವಿಚ್ಚು ಒತ್ತಿದರೆ ಸಾಲದು, ಅಂಗೈಗೆ ಬಡಿಯಬೇಕು. ಬಡಿದರೂ ಅದಕ್ಕೆ ಮನಸ್ಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಳಾದದ್ದನ್ನು ಬಿಸಾಡಲು ಮನಸ್ಸು ಬಾರದೆ ಅಟ್ಟಕ್ಕೆ ಹಾಕಿ ಹಾಕಿ, ಅಲ್ಲಿ ಒಂದು ಗೋಣಿ ತುಂಬ ಟಾರ್ಚುಗಳಾಗಿದ್ದವು. ಒಂದರ ಮುಚ್ಚಳ ಹೋಗಿತ್ತು. ಒಂದರೊಳಗೆ ಬ್ಯಾಟರಿ ಸೋರಿ ಹಸಿರು ಕಿಲುಬು ಹಿಡಿದಿತ್ತು. ಇನ್ನೊಂದು ಚಾರ್ಜಿಗೆ ಇಟ್ಟಲ್ಲೇ ಉಬ್ಬಿಕೊಂಡಿತ್ತು. ಇಂಥ ಗೋಣಿ ಬಹಳ ಮನೆಗಳಲ್ಲಿ ಇದ್ದೀತು. ಹಾಲು ಕರೆಯಲು ಹಟ್ಟಿಗೆ ಹೋಗುವವರು, ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೊರಡುವವರು ದಾರಿಯುದ್ದಕ್ಕೂ ಟಾರ್ಚನ್ನು ಬಡಿಯುತ್ತಲೇ ಹೋಗುತ್ತಾರೆ.

ಆದರೆ ಚೆನ್ನುವಿನ ಗಂಡ ತ್ಯಾಂಪಣ್ಣ ಅಂಥ ಟಾರ್ಚ್ ಹಿಡಿದುಕೊಂಡು ಹೋಗುತ್ತಿದ್ದದ್ದು ಗುಡ್ಡದ ಹೊಟ್ಟೆಯೊಳಗೆ.

ಸುರಂಗ ಮತ್ತು ಬಾವಿಗಳ ಕೆಸರು ತೆಗೆಯುವುದು ಅವನ ಕೆಲಸ. ಮನೆ ಸವಣೂರು ಪೇಟೆಯಿಂದ ಸ್ವಲ್ಪ ಒಳಗೆ. ಕೆಲಸ ಹೆಚ್ಚಾಗಿ ಪುತ್ತೂರಿನ ತೆಂಕು ಬದಿಯಲ್ಲಿ, ಕೇರಳದ ಗಡಿಗೆ ತಾಗಿದ ಊರುಗಳಲ್ಲಿ. ಅಲ್ಲಿ ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ತೋಡಿದ ಸುರಂಗಗಳಿವೆ. ಒಬ್ಬ ಮನುಷ್ಯ ತಲೆ ಬಗ್ಗಿಸಿ ನಡೆಯುವಷ್ಟು ಎತ್ತರ, ಎರಡು ಭುಜ ಹಿಡಿಯುವಷ್ಟು ಅಗಲ. ಮುರಕಲ್ಲೆಂಬ ಕೆಂಪುಕಲ್ಲಿನ ಸಂದಿಯಿಂದ ಒಸರಿದ ನೀರು ನೆಲದ ಮೇಲೆ ಹರಿದು ಹೊರಗಿನ ಟಾಂಕಿಗೆ ಬೀಳುತ್ತದೆ. ವರ್ಷ ಕಳೆದಂತೆ ಒಳಗೆ ಮಣ್ಣು ಕುಸಿದು ಕಟ್ಟಿಕೊಳ್ಳುತ್ತದೆ. ನೀರು ನಿಂತಾಗ ಯಾರಾದರೂ ಒಳಹೊಕ್ಕು ಬಿಡಿಸಬೇಕು. ಅಂಥವರು ಈಗ ಕಡಿಮೆ. ಹಾಗಾಗಿ ಬೇಸಗೆ ಬಂತೆಂದರೆ ತ್ಯಾಂಪಣ್ಣನ ಫೋನಿಗೆ ಬಿಡುವೇ ಇರುತ್ತಿರಲಿಲ್ಲ.

ಅವನ ಜತೆಗಾರ ರಮೀಝ್. ಇಬ್ಬರೂ ಬಹಳ ವರ್ಷದಿಂದ ಒಟ್ಟಿಗೆ ದುಡಿದವರು. ತ್ಯಾಂಪಣ್ಣ ಒಳಗೆ ಅಗೆದು, ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಡ್ರಮ್ಮಿಗೆ ಕೆಸರು ತುಂಬಿಸಿ, ಹಗ್ಗವನ್ನು ಒಮ್ಮೆ ಜಗ್ಗುತ್ತಿದ್ದ. ಹೊರಗೆ ನಿಂತ ರಮೀಝ್ ಅದನ್ನು ಎಳೆಯುತ್ತಿದ್ದ. ಚೆನ್ನು ಕೆಸರನ್ನು ಬುಟ್ಟಿಗೆ ಹಾಕಿ ದೂರ ಸುರಿದು ಬರುತ್ತಿದ್ದಳು. ಖಾಲಿ ಡ್ರಮ್ಮನ್ನು ತ್ಯಾಂಪಣ್ಣ ಇನ್ನೊಂದು ಹಗ್ಗದಿಂದ ಮತ್ತೆ ಒಳಗೆಳೆದುಕೊಳ್ಳುತ್ತಿದ್ದ.

ಹಗ್ಗ ಅಲುಗಾಡುವಷ್ಟು ಹೊತ್ತು ಚೆನ್ನುವಿಗೆ ಉಸಿರು ಸರಾಗ. ಅದು ನಿಂತಿತೆಂದರೆ ಬುಟ್ಟಿ ಬಿಟ್ಟು ಸುರಂಗದ ಬಾಯಿಗೆ ಬಂದು ಇಣುಕುವಳು, ಹಿಂದೆ ಹೋಗುವಳು, ಮತ್ತೆ ಬರುವಳು. ಚೆನ್ನಕ್ಕ ಒಂದು ಕಡೆ ಕೂತದ್ದನ್ನು ನಾನು ನೋಡಿದ್ದೇ ಇಲ್ಲ ಎಂದು ರಮೀಝ್ ನಗುತ್ತಿದ್ದ. ಚೆನ್ನುವಿಗೆ ನಗು ಬರುತ್ತಿರಲಿಲ್ಲ. ಒಳಗಿರುವವನ ಕೈಯಲ್ಲಿರುವ ಟಾರ್ಚ್ ಯಾವ ಜಾತಿಯದ್ದೆಂದು ಅವಳಿಗೆ ಗೊತ್ತಿತ್ತು.

ಚೆನ್ನುವಿನ ಸ್ವಸಹಾಯ ಸಂಘದಲ್ಲಿ ಭವಿತಾ ಎಂಬವಳೊಬ್ಬಳು ಇದ್ದಳು. ಪುತ್ತೂರಿನ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ. ವಾರದ ಸಭೆ ಮುಗಿದ ಮೇಲೆ ಚೆನ್ನು ಅವಳ ಹತ್ತಿರ ತನ್ನ ಅಂಜಿಕೆ ಹೇಳಿಕೊಂಡಳು. ಭವಿತಾ ಸಮಾಧಾನದ ಮಾತಾಡಲಿಲ್ಲ. ನೀರಲ್ಲಿ, ಕೆಸರಲ್ಲಿ ಕೆಲಸ ಮಾಡುವವರಿಗೆ ಬೇರೆ ಟಾರ್ಚೇ ಬರುತ್ತದೆ, ಮನೆಯಲ್ಲಿ ಕರೆಂಟು ಹೋದಾಗ ಉರಿಸುವ ಟಾರ್ಚ್ ಹಿಡಿದು ಸುರಂಗಕ್ಕೆ ಹೋಗಬಾರದು, ಭಾವನನ್ನು ಒಮ್ಮೆ ಅಂಗಡಿಗೆ ಕಳಿಸಿ ಎಂದಳು.

ಚೆನ್ನು ಆ ದಿನವೇ ಗಂಡನಿಗೆ ಹೇಳಿದಳು. ತ್ಯಾಂಪಣ್ಣ ಊಟದ ಬಟ್ಟಲಿನಿಂದ ತಲೆ ಎತ್ತಲಿಲ್ಲ.

“ನನ್ನ ಅಪ್ಪ ಮೊಂಬತ್ತಿ ಹಿಡ್ಕೊಂಡೇ ಅಷ್ಟು ಸುರಂಗ ತೋಡಿದ್ದು. ಗಾಳಿ ಕಡಿಮೆಯಾದ್ರೆ ಮೊಂಬತ್ತಿ ಮಿಣುಕ್ತದೆ, ಆಗ ಹೊರಗೆ ಬರುದು. ನಿನ್ನ ಭವಿತಾಳ ಟಾರ್ಚ್ ಅದನ್ನು ಹೇಳ್ತದಾ?”

ಮೊಂಬತ್ತಿಯ ಮಾತು ಸುಳ್ಳಲ್ಲ. ತ್ಯಾಂಪಣ್ಣ ಸುರಂಗದ ಗೋಡೆಯ ಗೂಡಿನಲ್ಲಿ ಒಂದು ಮೊಂಬತ್ತಿ ಉರಿಸಿಡದೆ ಎಂದೂ ಪಿಕ್ಕಾಸು ಎತ್ತಿದವನಲ್ಲ. ಆದರೂ ಹೆಂಡತಿಯ ಮಾತು ಸ್ವಲ್ಪ ತಾಗಿತ್ತೋ ಏನೋ, ಮುಂದಿನ ವಾರ ಪೇಟೆಗೆ ಹೋದವನು ತಲೆಗೆ ಕಟ್ಟುವ ಹೊಸ ಟಾರ್ಚ್ ತಂದ. ಬಸ್‌ ಸ್ಟ್ಯಾಂಡಿನ ಹತ್ತಿರ ಚಾಪೆ ಹಾಸಿ ಮಾರುತ್ತಿದ್ದರಂತೆ. ಪೆಟ್ಟಿಗೆಯ ಮೇಲೆ ಗುಡ್ಡದಿಂದ ಗುಡ್ಡಕ್ಕೆ ಬೆಳಕು ಬಿಡುವ ಚಿತ್ರ, ದೊಡ್ಡ ದೊಡ್ಡ ಅಂಕೆಗಳು. ಉರಿಸಿದರೆ ನಿಜವಾಗಿಯೂ ಎದುರುಮನೆಯ ತೆಂಗಿನ ಮರದ ತುದಿ ಬೆಳಗಿತು. ಚೆನ್ನು ಅದನ್ನು ಕೈಗೆ ತೆಗೆದುಕೊಂಡು ಅಲುಗಾಡಿಸಿದಳು. ಒಳಗೆ ಏನೋ ಕಟಕಟ ಎಂದಿತು. ಹೇಳಿದರೆ ಜಗಳವಾಗುತ್ತದೆಂದು ಹಾಗೆಯೇ ಪೆಟ್ಟಿಗೆಗೆ ಹಾಕಿಟ್ಟಳು.

ಪಾಣಾಜೆ ಕಡೆಯ ಒಂದು ತೋಟದ ಸುರಂಗ ಕಟ್ಟಿ ಹೋಗಿದೆಯೆಂದು ಕರೆ ಬಂದದ್ದು ಅದೇ ಹೊತ್ತಿಗೆ. ಮಹಾಲಿಂಗ ಭಟ್ಟರು, ಅವರ ಹೆಂಡತಿ ಶಂಕರಿಯಮ್ಮ ಅಲ್ಲಿಯ ಯಜಮಾನರು. ಕುಡಿಯುವ ನೀರೂ ಆ ಸುರಂಗದ್ದೇ. ಕೆಲಸ ಶುರುವಾದ ದಿನ ಭಟ್ಟರು ಪುತ್ತೂರಿಗೆ ಹೋಗಿದ್ದರು. ಶಂಕರಿಯಮ್ಮ ಮಜ್ಜಿಗೆ ತಂದುಕೊಟ್ಟು, ಸುರಂಗ ಒಳಗೆ ಒಂದು ಕಡೆ ತಿರುಗಿ ಎರಡು ಕವಲಾಗುತ್ತದೆ, ಎಡದ್ದರಲ್ಲಿ ನೀರು ಬರುವುದು, ಬಲದ್ದು ಹಿಂದಿನವರು ಅರ್ಧಕ್ಕೆ ಬಿಟ್ಟದ್ದು, ಅದರಲ್ಲಿ ಹಳೆಯ ಹೊಂಡವೊಂದಿದೆ ಎಂದು ತಿಳಿಸಿದರು. ತ್ಯಾಂಪಣ್ಣ ಹೂಂಗುಟ್ಟಿ, ಮೊಬೈಲನ್ನು ಚೆನ್ನುವಿನ ಕೈಗೆ ಕೊಟ್ಟು, ಹೊಸ ಟಾರ್ಚನ್ನು ಹಣೆಗೆ ಬಿಗಿದುಕೊಂಡು ಒಳಗೆ ಹೋದ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಬೆಳಗಿನ ಹೊತ್ತು ಕೆಲಸ ಚುರುಕಾಗಿಯೇ ನಡೆಯಿತು. ನೇರ ದಾರಿಯ ಕೆಸರು ತೆಗೆದು ತ್ಯಾಂಪಣ್ಣ ತಿರುವಿನ ಆಚೆ, ಕವಲಿನ ತನಕ ಹೋದ. ಹಗ್ಗ ಅಲ್ಲಿಗೆ ಮುಗಿಯುತ್ತಿತ್ತು. ಡ್ರಮ್ಮನ್ನು ಕವಲಿನಲ್ಲೇ ಇಟ್ಟು, ಎಡಗಡೆಯ ಕೆಸರನ್ನು ಬುಟ್ಟಿಯಲ್ಲಿ ಹೊತ್ತು ತಂದು ಅದಕ್ಕೆ ಸುರಿಯತೊಡಗಿದ. ಈಗ ಡ್ರಮ್ಮು ತುಂಬಲು ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಪ್ರತಿ ಸಲವೂ ಹಗ್ಗ ಸುಮ್ಮನಿರುವ ಹೊತ್ತು ಉದ್ದವಾಯಿತು. ಚೆನ್ನು ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿದುಕೊಂಡೇ ನಿಂತಿರುತ್ತಿದ್ದಳು.

ಒಮ್ಮೆ ಹಗ್ಗ ಜಗ್ಗಲೇ ಇಲ್ಲ.

ಚೆನ್ನು ಒಳಗೆ ಇಣುಕಿದಳು. ತಿರುವಿನ ಗೋಡೆಯ ಮೇಲೆ ಅಷ್ಟು ಹೊತ್ತು ಟಾರ್ಚಿನ ಬೆಳಕು ಮಸುಕಾಗಿ ಆಡುತ್ತಿತ್ತು. ಈಗ ಅಲ್ಲಿ ಏನೂ ಇರಲಿಲ್ಲ. ಅವಳು ಕರೆದಳು. ಸ್ವರ ಒಳಗೆ ಹೋಗಿ, ತಡವಾಗಿ, ಯಾರದ್ದೋ ಸ್ವರದ ಹಾಗೆ ತಿರುಗಿ ಬಂತು. ರಮೀಝ್ ಹಗ್ಗ ಎಳೆದು ನೋಡಿದ. ಡ್ರಮ್ಮು ಅರ್ಧ ತುಂಬಿದ ಭಾರಕ್ಕೆ ಸರಿಯಿತು, ಆ ತುದಿಯಿಂದ ಯಾರೂ ಹಿಡಿದೆಳೆಯಲಿಲ್ಲ.

ಒಳಗೆ ನಡೆದದ್ದು ಇಷ್ಟು. ಎಡ ಕವಲಿನಲ್ಲಿ ನೆತ್ತಿಯ ಮೇಲಿನ ಮಾಡಿನಿಂದ ಒಂದು ಮುರಕಲ್ಲಿನ ಗಟ್ಟಿ ಕಳಚಿ ತ್ಯಾಂಪಣ್ಣನ ಹಣೆಯ ಬದಿಗೆ ಬಡಿಯಿತು. ತಲೆಗೆ ದೊಡ್ಡ ಗಾಯವೇನೂ ಆಗಲಿಲ್ಲ. ಟಾರ್ಚು ಮಾತ್ರ ಪಟ್ಟಿ ಹರಿದು ಮೊಣಕಾಲಷ್ಟು ನೀರಿಗೆ ಬಿತ್ತು, ಬಿದ್ದ ಗಳಿಗೆಯಲ್ಲೇ ಆರಿತು. ನೀರು ಚಿಮ್ಮಿ ಗೂಡಿನ ಮೊಂಬತ್ತಿಯೂ ಆರಿತು. ಬೆಂಕಿಪೆಟ್ಟಿಗೆ ಒದ್ದೆ. ಬಗ್ಗಿ ಟಾರ್ಚ್ ಹುಡುಕುತ್ತ ಅವನು ಅತ್ತ ಇತ್ತ ತಿರುಗಿದ. ಎದ್ದು ನಿಂತಾಗ ಬಂದ ದಾರಿ ಯಾವುದು, ಹೋಗುವ ದಾರಿ ಯಾವುದು ಎಂದು ತಿಳಿಯಲಿಲ್ಲ. ಹರಿಯುವ ನೀರಾಗಿದ್ದರೆ ಕಾಲಿಗೇ ದಿಕ್ಕು ಗೊತ್ತಾಗುತ್ತಿತ್ತು. ಅಂದು ನೀರು ಕಟ್ಟಿ ನಿಂತಿತ್ತು. ಗೋಡೆ ಸವರಿಕೊಂಡು ಹೊರಟವನು ಕವಲಿನಲ್ಲಿ ಡ್ರಮ್ಮಿನ ಪಕ್ಕದಿಂದಲೇ ದಾಟಿ, ಹೊರಗೆ ಹೋಗುತ್ತಿದ್ದೇನೆಂದು ತಿಳಿದು ಬಲಗಡೆಯ ಕವಲಿಗೆ ಹೊಕ್ಕ. ಹಳೆಯ ಹೊಂಡ ಅವನಿಗಾಗಿಯೇ ಕಾದಿದ್ದ ಹಾಗೆ ಇತ್ತು. ಕಾಲು ಹೊರಳಿ ಸೊಂಟದ ತನಕ ನೀರಿಗೆ ಕುಸಿದ. ಮೇಲೇಳಲು ಆಗಲಿಲ್ಲ.

ಹೊರಗಿದ್ದವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ರಮೀಝ್ ಮೊಬೈಲಿನ ಬೆಳಕು ಹಾಕಿ, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಳಗೆ ಹೋದ. ಆ ಬೆಳಕು ಒಂದು ಮಾರು ದೂರಕ್ಕೆ ಸಾಲುತ್ತಿತ್ತು, ಅಷ್ಟೇ. ಕವಲಿನ ಹತ್ತಿರ ಮಾಡಿನ ಹನಿ ಬಿದ್ದು ಮೊಬೈಲಿನ ಪರದೆ ತನ್ನಷ್ಟಕ್ಕೆ ಏನೇನೋ ಒತ್ತಿಕೊಂಡು ಬೆಳಕು ಆರಿಹೋಯಿತು. ಅವನು ಹಗ್ಗ ಹಿಡಿದುಕೊಂಡೇ ತಿರುಗಿ ಬಂದ. ಒಳಗಿಂದ ಸ್ವರ ಕೇಳುತ್ತದೆ, ಯಾವ ಕವಲಿನಿಂದ ಎಂದು ತಿಳಿಯುವುದಿಲ್ಲ, ಮೊಬೈಲಿನ ಬೆಳಕು ಸಾಲದು, ಗಟ್ಟಿ ಟಾರ್ಚ್ ಇಲ್ಲದೆ ಹುಡುಕಲು ಸಾಧ್ಯವಿಲ್ಲ ಎಂದ.

ಸ್ವರ ಕೇಳುತ್ತದೆ ಎಂಬ ಒಂದು ಮಾತು ಸಾಕಾಯಿತು. ಚೆನ್ನು ಟಾರ್ಚಿಗಾಗಿ ಭಟ್ಟರ ಮನೆಯತ್ತ ಓಡಿದಳು. ಅರ್ಧ ದಾರಿಯಲ್ಲೇ ಶಂಕರಿಯಮ್ಮ ಎದುರು ಬಂದರು. ಕೂಗು ಕೇಳಿ ಅವರು ಗಂಡನಿಗೂ ಹತ್ತಿರದ ಮನೆಗಳಿಗೂ ಫೋನು ಮಾಡಿ, ಹಟ್ಟಿಯ ಗೋಡೆಯಲ್ಲಿ ತೂಗುತ್ತಿದ್ದ ಟಾರ್ಚನ್ನು ಹಿಡಿದುಕೊಂಡೇ ಹೊರಟಿದ್ದರು. ಕಪ್ಪಗೆ, ದಪ್ಪಗೆ, ಮೈಯೆಲ್ಲ ಗೀರು ಬಿದ್ದ ಟಾರ್ಚ್. ನೋಡಲು ಏನೂ ಚಂದ ಇರಲಿಲ್ಲ.

“ಇದು ತಕ್ಕೊಳ್ಳಿ. ದನದ ಅಕ್ಕಚ್ಚಿನ ಬಾಲ್ದಿಗೆ ಎಷ್ಟು ಸಲ ಬಿದ್ದದ್ದೋ, ಒಮ್ಮೆಯೂ ಆರಿದ್ದಿಲ್ಲ.”

ಇಬ್ಬರೂ ಸುರಂಗದ ಬಾಯಿಗೆ ಓಡಿ ಬಂದರು. ಯಾರು ಹೋಗುವುದು? ರಮೀಝ್ ಒಬ್ಬನೇ ಹೋದರೆ ಎತ್ತಲು ಕೈ ಬೇಕು, ಬೆಳಕು ಹಿಡಿಯಲು ಕೈ ಬೇಕು. ನೆರೆಯವರು ಗುಡ್ಡ ಹತ್ತಿ ಬರಲು ಇನ್ನೂ ಹೊತ್ತಿತ್ತು. ಚೆನ್ನು ಅಷ್ಟು ವರ್ಷ ಸುರಂಗದ ಬಾಯಿಯಲ್ಲಿ ನಿಂತವಳು, ಒಳಗೆ ಒಂದು ಹೆಜ್ಜೆ ಇಟ್ಟವಳಲ್ಲ. ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಟಾರ್ಚ್ ಉರಿಸಿದಳು. ರಮೀಝ್ ಬೇಡ ಎನ್ನಲಿಲ್ಲ. ಹೊಸ ಮೊಂಬತ್ತಿ ಹಚ್ಚಿ ಒಂದು ಕೈಯಲ್ಲಿ ಮುಂದೆ ಹಿಡಿದುಕೊಂಡ, ತನ್ನ ಸೊಂಟಕ್ಕೆ ಉದ್ದದ ಹಗ್ಗ ಕಟ್ಟಿ ತುದಿಯನ್ನು ಶಂಕರಿಯಮ್ಮನ ಕೈಗೆ ಕೊಟ್ಟ. ಮೊಂಬತ್ತಿ ಮಿಣುಕಿದರೆ ಇಬ್ಬರೂ ಆ ಗಳಿಗೆಯೇ ಹಿಂದೆ ಬರುವುದೆಂದು ಮಾತಾಯಿತು.

ಒಳಗೆ ತಣ್ಣಗಿತ್ತು. ಮಾಡು ತಲೆಗೆ ತಾಗುತ್ತಿತ್ತು. ಟಾರ್ಚಿನ ಬೆಳಕು ದೂರಕ್ಕೆ ಚೂಪಾಗಿ ಹೋಗದೆ ಹತ್ತಿರದಲ್ಲೇ ಅಗಲವಾಗಿ ಹರಡುತ್ತಿತ್ತು. ಎರಡು ಬದಿಯ ಗೋಡೆ, ಕಾಲಡಿಯ ನೀರು, ಮಾಡಿನ ಬಿರುಕು ಎಲ್ಲವೂ ಒಟ್ಟಿಗೇ ಕಂಡವು. ಕವಲಿಗೆ ಬಂದಾಗ ರಮೀಝ್ ಎಡಕ್ಕೆ ತಿರುಗಿದ. ಚೆನ್ನು ಅವನ ಅಂಗಿ ಹಿಡಿದು ನಿಲ್ಲಿಸಿದಳು. ಬಲಗಡೆಯ ಗೋಡೆಯ ಮೇಲೆ, ಮೊಣಕೈ ಎತ್ತರದಲ್ಲಿ, ಹಸಿ ಕೆಸರಿನ ಕೈಗುರುತು ಇತ್ತು. ಅದರ ಮುಂದೆ ಇನ್ನೊಂದು. ಅವಳು ಬೆಳಕನ್ನು ಆ ಗುರುತುಗಳ ಮೇಲೆಯೇ ಹಿಡಿದುಕೊಂಡು ಹೋದಳು.

ತ್ಯಾಂಪಣ್ಣ ಹೊಂಡದಲ್ಲಿ ಗೋಡೆಗೆ ಒರಗಿ ಕೂತಿದ್ದ. ಬೊಬ್ಬೆ ಹಾಕಿ ಹಾಕಿ ಸ್ವರ ಬಿದ್ದುಹೋಗಿತ್ತು. ಬೆಳಕು ಕಣ್ಣಿಗೆ ಹೊಡೆದಾಗ ಕೈ ಅಡ್ಡ ಹಿಡಿದ.

“ಮುಖಕ್ಕೆ ಹಿಡಿಬೇಡ ಮಾರಾಯ,” ಎಂದ. ಬಂದದ್ದು ರಮೀಝ್ ಒಬ್ಬನೇ ಎಂದು ತಿಳಿದಿದ್ದ. ಆಮೇಲೆ ಸೀರೆ ಕಂಡಿತು. “ನೀನು ಯಾಕೆ ಬಂದದ್ದು?”

ಚೆನ್ನು ಬೆಳಕನ್ನು ಅವನ ಮುಖದಿಂದ ಇಳಿಸಿ ಹೊಂಡದ ಅಂಚಿಗೆ ಹಿಡಿದಳು.

ರಮೀಝ್ ಮೊಂಬತ್ತಿಯನ್ನು ಗೋಡೆಯ ಸಂದಿಗೆ ಅಂಟಿಸಿ, ತ್ಯಾಂಪಣ್ಣನ ಕಂಕುಳಿಗೆ ಎರಡೂ ಕೈ ಹಾಕಿ ಎತ್ತಿದ. ಕಾಲಿನ ನೋವಿಗೆ ತ್ಯಾಂಪಣ್ಣ ಹಲ್ಲು ಕಚ್ಚಿದ. ಆಸರೆ ಕೊಡಲು ಚೆನ್ನು ಮುಂದೆ ಬಂದಳು, ಕೆಸರಿನಲ್ಲಿ ಕಾಲು ಜಾರಿತು, ಟಾರ್ಚ್ ಕೈತಪ್ಪಿ ಕಲ್ಲಿಗೆ ಬಡಿದು ಹೊಂಡಕ್ಕೆ ಬಿತ್ತು. ಆದರೆ ಅದು ಆರಲಿಲ್ಲ. ಕೆಸರು ನೀರಿನ ಅಡಿಯಿಂದ ಕೆಂಡದ ಹಾಗೆ ಕೆಂಪು ಬೆಳಕು ಬರುತ್ತಿತ್ತು. ಚೆನ್ನು ಆ ಬೆಳಕನ್ನೇ ನೋಡಿಕೊಂಡು ಭುಜದ ತನಕ ಕೈ ಹಾಕಿ ಅದನ್ನು ಹೊರಗೆ ತೆಗೆದಳು.

ಅವರು ಹೊರಗೆ ಬರುವಾಗ ನೆರೆಯವರು ಸೇರಿದ್ದರು. ತ್ಯಾಂಪಣ್ಣನನ್ನು ಜೀಪಿನಲ್ಲಿ ಮಲಗಿಸಿ ಪುತ್ತೂರಿನ ಆಸ್ಪತ್ರೆಗೆ ಕರೆದೊಯ್ದರು. ಪಾದದ ಗಂಟಿನ ಎಲುಬು ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿ, ಕಾಲು ಊರಬಾರದೆಂದು ಹೇಳಿ ಮನೆಗೆ ಕಳಿಸಿದರು.

ಮನೆಯಲ್ಲಿ ಕೂತ ತ್ಯಾಂಪಣ್ಣ ಯಾರಿಗೂ ನೆಮ್ಮದಿ ಕೊಡಲಿಲ್ಲ. ಫೋನು ಬಂದಾಗಲೆಲ್ಲ ಕೆಲಸಕ್ಕೆ ಬರಲಾಗುವುದಿಲ್ಲ ಎನ್ನಬೇಕಾಗಿ ಬಂದು ಸಿಡಿಮಿಡಿಗೊಳ್ಳುತ್ತಿದ್ದ. ನೋಡಲು ಬಂದವರು ಟಾರ್ಚಿನ ಸುದ್ದಿ ಎತ್ತಿದರೆ ಮಾತು ಬದಲಿಸುತ್ತಿದ್ದ. ಕಲ್ಲು ಬಿದ್ದದ್ದಕ್ಕೆ ಟಾರ್ಚ್ ಎಂತ ಮಾಡುವುದು, ಗ್ರಹಚಾರ ಎನ್ನುತ್ತಿದ್ದ. ಚೆನ್ನುವಿಗೂ ಶಾಂತಿ ಇರಲಿಲ್ಲ. ಕಾಲು ಗುಣವಾದ ದಿನ ಇವನು ಮತ್ತೆ ಪೇಟೆಗೆ ಹೋಗಿ ಅಂಥದ್ದೇ ಇನ್ನೊಂದು ತರುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ, ತಾನು ಮತ್ತೆ ಸುರಂಗದ ಬಾಯಿಯಲ್ಲಿ ನಿಲ್ಲಬೇಕು. ಅನ್ನಕ್ಕೆ ನೀರಿಡುವಾಗಲೂ ಅದೇ ಯೋಚನೆ.

ಒಂದು ಭಾನುವಾರ ಭವಿತಾ ಬಂದಳು. ರಮೀಝನೂ ಬಂದಿದ್ದ. ಭಟ್ಟರ ಸುರಂಗದ ಕೆಸರಿನಲ್ಲಿ ಸಿಕ್ಕಿದ, ಅಂದು ಬಿದ್ದು ಆರಿದ ಟಾರ್ಚನ್ನು ಅವನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ತಂದಿದ್ದ. ಭವಿತಾ ಅದನ್ನು ತ್ಯಾಂಪಣ್ಣನ ಕೈಗೇ ಕೊಟ್ಟು, ಸಣ್ಣ ಸ್ಕ್ರೂಡ್ರೈವರನ್ನೂ ಕೊಟ್ಟು, ನೀವೇ ಬಿಚ್ಚಿ ನೋಡಿ ಭಾವ ಎಂದಳು. ಕೂತು ಕೂತು ಬೇಜಾರಾಗಿದ್ದ ತ್ಯಾಂಪಣ್ಣ ಬಿಚ್ಚಿದ. ಒಳಗಿನಿಂದ ಒಂದು ಗುಟುಕು ಕೆಂಪು ನೀರು ಅವನ ಮಡಿಲಿಗೆ ಸುರಿಯಿತು. ಮುಚ್ಚಳದ ಸುತ್ತ ನೀರು ತಡೆಯುವ ರಬ್ಬರ್ ಬಳೆ ಇರಲೇ ಇಲ್ಲ. ಕೂದಲಿನಷ್ಟು ತೆಳುವಾದ ತಂತಿ ಕಿತ್ತು ಬಂದಿತ್ತು. ಚಾರ್ಜಿನ ತೂತಿಗೆ ಮುಚ್ಚಳವೇ ಇಲ್ಲ. ಅವನು ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಕೆಲಸ ಗೊತ್ತಿದ್ದವನಿಗೆ ಕೆಟ್ಟ ಕೆಲಸ ಕಂಡಾಗ ಬರುವ ಸಿಟ್ಟು ಅವನ ಮುಖದಲ್ಲಿ ಬಂತು.

ಆಗ ಚೆನ್ನು ಮಾತಾಡಿದಳು.

“ಪಿಕ್ಕಾಸಿನ ಕಾವಿಗೆ ಮರ ನೋಡ್ಲಿಕ್ಕೆ ನೀವು ಗುಡ್ಡ ಇಡೀ ತಿರುಗ್ತೀರಿ. ಬಗ್ಗಿಸಿ ನೋಡ್ತೀರಿ, ಬಡಿದು ನೋಡ್ತೀರಿ. ಇದನ್ನು ಮಾತ್ರ ಪೆಟ್ಟಿಗೆಯ ಚಿತ್ರ ನೋಡಿ ತಂದ್ರಿ.”

ತ್ಯಾಂಪಣ್ಣ ತಲೆ ಎತ್ತದೆ, ಮತ್ತೆ ಎಂತದು ನೋಡುದು, ಅದನ್ನಾದ್ರೂ ಹೇಳಿ ಎಂದ.

ಭವಿತಾ ತನ್ನ ಚೀಲದಿಂದ ತಲೆಗೆ ಕಟ್ಟುವ ಒಂದು ಟಾರ್ಚ್ ತೆಗೆದಳು. ಪೆಟ್ಟಿಗೆಯಲ್ಲಿ ಬೆಳಕಿನ ದೊಡ್ಡ ಅಂಕೆ ಇದ್ದಮಾತ್ರಕ್ಕೆ ನಂಬಬೇಡಿ ಎಂದು ಶುರುಮಾಡಿದಳು. ಮೊದಲು ನೋಡಬೇಕಾದದ್ದು ಐಪಿ (IP) ಎಂಬ ಎರಡು ಇಂಗ್ಲಿಷ್ ಅಕ್ಷರ, ಅದರ ಮುಂದಿನ ಎರಡು ಅಂಕೆ.

“ಮೊದಲನೇದು ಧೂಳಿನದ್ದು, ಎರಡನೇದು ನೀರಿನದ್ದು. ನೀರಿನ ಅಂಕೆ ನಾಲ್ಕು ಅಂತ ಇದ್ರೆ ಎರಚಲು ತಡೀತದೆ, ಅಷ್ಟೇ. ಏಳು ಅಂತ ಇದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದಿದ್ರೂ ಒಳಗೆ ನೀರು ಹೋಗ್ಲಿಕ್ಕಿಲ್ಲ. ನಿಮ್ಮ ಕೆಲಸಕ್ಕೆ ಏಳಾದ್ರೂ ಬೇಕು ಭಾವ. ಎಷ್ಟು ಎತ್ತರದಿಂದ ಬಿದ್ದರೆ ತಡೀತದೆ ಅಂತ ಕೂಡ ಒಳ್ಳೇದ್ರಲ್ಲಿ ಬರೆದಿರ್ತಾರೆ.”

ಆಮೇಲೆ ಬೆಳಕು. ದೂರಕ್ಕೆ ಹೋಗುವ ಚೂಪು ಬೆಳಕು ಗದ್ದೆ ಕಾಯುವವರಿಗೆ ಸರಿ, ಕೈಗೆಟುಕುವಷ್ಟರಲ್ಲಿ ಕೆಲಸ ಮಾಡುವವರಿಗೆ ಹರಡುವ ಬೆಳಕು ಬೇಕು. ಎರಡು ಕೈಗೂ ಕೆಲಸವಿದ್ದರೆ ತಲೆಗೆ ಕಟ್ಟುವಂಥದ್ದು. ಜೋರು ಬೆಳಕಿನಲ್ಲಿ ಎಷ್ಟು ಗಂಟೆ, ಸಣ್ಣ ಬೆಳಕಿನಲ್ಲಿ ಎಷ್ಟು ಗಂಟೆ ಎಂದು ಬೇರೆ ಬೇರೆಯಾಗಿ ಕೇಳಬೇಕು. ಪೆಟ್ಟಿಗೆಯ ಮೇಲೆ ಬರೆಯುವುದು ಹೆಚ್ಚಾಗಿ ಸಣ್ಣ ಬೆಳಕಿನ ಲೆಕ್ಕ. ಬ್ಯಾಟರಿ ಬದಲಿಸುವ ಹಾಗಿರಬೇಕು, ಆ ಬ್ಯಾಟರಿ ನಮ್ಮ ಪೇಟೆಯಲ್ಲೇ ಸಿಗಬೇಕು. ಬಿಲ್ಲು, ವಾರಂಟಿ ಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು. ಬಹಳ ದಿನ ಉಪಯೋಗಿಸದೆ ಇಡುವುದಾದರೆ ಸೆಲ್ಲು ತೆಗೆದಿಡಬೇಕು.

ತ್ಯಾಂಪಣ್ಣ ಎಲ್ಲ ಕೇಳಿ, ತನ್ನ ಹಳೆಯ ಪ್ರಶ್ನೆಯನ್ನೇ ಕೇಳಿದ. ಮೊಂಬತ್ತಿ ಬೇಡವೋ?

“ಮೊಂಬತ್ತಿ ಖಂಡಿತ ಇರ್ಲಿ,” ಎಂದಳು ಭವಿತಾ. “ಟಾರ್ಚ್ ಉರೀತಾ ಉಂಟು ಅಂದ್ರೆ ಗಾಳಿ ಉಂಟು ಅಂತ ಅಲ್ಲ. ಗಾಳಿ ನೋಡುದು ಮೊಂಬತ್ತಿಯ ಕೆಲಸ, ದಾರಿ ತೋರ್ಸುದು ಟಾರ್ಚಿನ ಕೆಲಸ. ಒಂದರ ಕೆಲಸ ಇನ್ನೊಂದು ಮಾಡುದಿಲ್ಲ.”

ಚೆನ್ನು ಬಾಲ್ದಿಯಲ್ಲಿ ನೀರು ತಂದಿಟ್ಟಳು. ಭವಿತಾ ಟಾರ್ಚ್ ಉರಿಸಿ ಅದರೊಳಗೆ ಬಿಟ್ಟಳು. ಚಹಾ ಕುಡಿದು ಮುಗಿಯುವ ತನಕ ಅದು ನೀರಿನಡಿಯಲ್ಲಿ ಉರಿಯುತ್ತಲೇ ಇತ್ತು. ತ್ಯಾಂಪಣ್ಣ ಅದನ್ನು ಎತ್ತಿಕೊಂಡ. ಒರೆಸಿದ, ಅಲುಗಾಡಿಸಿದ, ಕಿವಿಗೆ ಹಿಡಿದ. ಆಮೇಲೆ ಸ್ವಿಚ್ಚನ್ನು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದ. ಇದು ಬಹಳ ಸಣ್ಣದು, ಕೈಯಲ್ಲಿ ಕೆಸರಿದ್ದರೆ ಬೆರಳಿಗೆ ಸಿಗುವುದಿಲ್ಲ ಎಂದ. ಭವಿತಾ ಅಂಥದ್ದನ್ನು ಯೋಚಿಸಿರಲಿಲ್ಲ. ಅಂಗಡಿಯಲ್ಲಿ ಬೇರೆಯೂ ಉಂಟು, ನೀವೇ ಬಂದು ಆರಿಸಿ ಎಂದಳು. ಆರಿಸುವ ಮಾತು ಬಂದ ಮೇಲೆ ತ್ಯಾಂಪಣ್ಣನ ಬಿಗುಮಾನ ಅರ್ಧ ಇಳಿಯಿತು.

ಪ್ಲಾಸ್ಟರ್ ತೆಗೆಸಲು ಪುತ್ತೂರಿಗೆ ಹೋದ ದಿನ ಅವರು ರಮೀಝನನ್ನೂ ಕರೆದುಕೊಂಡು ಭವಿತಾಳ ಅಂಗಡಿಗೆ ಹೋದರು. ಅಂಗಡಿಯ ಯಜಮಾನರು ಮೊಯ್ದಿನಬ್ಬ, ವಯಸ್ಸಾದವರು. ತ್ಯಾಂಪಣ್ಣ ಜೇಬಿನಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದಾಗ ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅದು ಅಂಗಳದ ಹಸಿಮಣ್ಣು. ಅದನ್ನು ಬೆರಳಿಗೆ ಮೆತ್ತಿಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಟಾರ್ಚಿನ ಸ್ವಿಚ್ಚು ಹುಡುಕಿ ಒತ್ತಿ ನೋಡುತ್ತೇನೆಂದ ತ್ಯಾಂಪಣ್ಣ. ಮೊಯ್ದಿನಬ್ಬರು, ಒರೆಸಿ ಕೊಡುವುದಾದರೆ ನೋಡಿ ಎಂದರು. ಚೆನ್ನು ಒದ್ದೆ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ಗಿರಾಕಿಗಳು ಸುತ್ತ ಸೇರಿದರು. ಕೊನೆಗೆ ಹೆಬ್ಬೆರಳಿಗೆ ತಕ್ಷಣ ಸಿಗುವ ದೊಡ್ಡ ಸ್ವಿಚ್ಚಿನ, ಅಗಲ ಪಟ್ಟಿಯ, ನೀರಿನ ಅಂಕೆ ಏಳಿದ್ದ ಟಾರ್ಚೊಂದು ಅವನಿಗೆ ಹಿಡಿಸಿತು. ಚೆನ್ನು ಅಷ್ಟಕ್ಕೆ ಬಿಡಲಿಲ್ಲ. ಜೇಬಿನಲ್ಲಿಡುವ ಸಣ್ಣದೊಂದು ಟಾರ್ಚನ್ನೂ ತೆಗೆಸಿದಳು, ಅದೂ ನೀರು ತಡೆಯುವಂಥದ್ದೇ. ಎರಡಿಲ್ಲದೆ ನೀವು ಒಳಗೆ ಹೋಗುವುದಾದರೆ ನಾನು ಬುಟ್ಟಿ ಮುಟ್ಟುವುದಿಲ್ಲ ಎಂದು ಎಲ್ಲರ ಎದುರೇ ಹೇಳಿದಳು. ತ್ಯಾಂಪಣ್ಣ ಎರಡನ್ನೂ ಕಟ್ಟಿಕೊಡಲು ಹೇಳಿದ. ರಮೀಝ್ ತನಗೂ ಒಂದು ತೆಗೆದುಕೊಂಡ.

ಕಾಲು ಪೂರ್ತಿ ಗಟ್ಟಿಯಾದ ಮೇಲೆ ಅವರು ಭಟ್ಟರ ಸುರಂಗಕ್ಕೇ ಮತ್ತೆ ಹೋದರು. ಮೊದಲು ಬಲಗಡೆಯ ಕವಲಿಗೆ ಅಡ್ಡ ಹಲಗೆ ಕಟ್ಟಿದರು. ಡ್ರಮ್ಮಿನ ಹಗ್ಗವನ್ನು ಎಡ ಕವಲಿನ ಕೊನೆಯವರೆಗೆ ಮುಟ್ಟುವಷ್ಟು ಉದ್ದ ಮಾಡಿದರು. ಮಾಡಿನ ಸಡಿಲು ಕಲ್ಲುಗಳು ಈಗ ಬೆಳಕಿನಲ್ಲಿ ಮುಂಚೆಯೇ ಕಾಣುತ್ತಿದ್ದವು. ತ್ಯಾಂಪಣ್ಣ ಅವನ್ನು ಹಾರೆಯಿಂದ ಕೆಡವಿಯೇ ಮುಂದೆ ಹೋಗುತ್ತಿದ್ದ. ಹೊರಗೆ ಚೆನ್ನು ಕೂರಲಿಲ್ಲ. ಬಂದಳು, ಹೋದಳು, ಇಣುಕಿದಳು. ಆದರೆ ಇಣುಕಿದಾಗಲೆಲ್ಲ ತಿರುವಿನ ಗೋಡೆಯ ಮೇಲೆ ಬೆಳಕು ಇತ್ತು. ಸಂಜೆಯೊಳಗೆ ಕಟ್ಟಿದ್ದ ಮಣ್ಣು ಒಡೆದು, ಕೆಂಪು ನೀರು ಮೊದಲು ಎಳೆಯಾಗಿ, ಆಮೇಲೆ ಸದ್ದು ಮಾಡುತ್ತ ಟಾಂಕಿಗೆ ಬಂತು. ಅದರ ಹಿಂದೆಯೇ ತ್ಯಾಂಪಣ್ಣ ಬಗ್ಗಿಕೊಂಡು ಹೊರಗೆ ಬಂದ. ಹಣೆಯ ಟಾರ್ಚ್ ಆರಿಸಲು ಅವನಿಗೆ ಮರೆತುಹೋಗಿತ್ತು. ಚೆನ್ನುವೇ ಕೈ ಚಾಚಿ ಆರಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಸುರಂಗಕ್ಕೆ ಹೋಗುವವರು ನಮ್ಮಲ್ಲಿ ಕೆಲವರೇ ಇರಬಹುದು. ಆದರೆ ನಸುಕಿನಲ್ಲಿ ರಬ್ಬರ್ ಮರಕ್ಕೆ ಕತ್ತಿ ಹಾಕುವವರು, ಮಳೆಯಲ್ಲಿ ಪಂಪು ಶೆಡ್ಡಿಗೆ ಹೋಗುವವರು, ಹಾಲು ಕರೆಯಲು ಹಟ್ಟಿಗೆ ಇಳಿಯುವವರು, ಗುಂಡ್ಯದ ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಲಾರಿಯ ಅಡಿಗೆ ರಿಪೇರಿಗೆ ನುಗ್ಗುವವರು ಎಲ್ಲರೂ ಕತ್ತಲೆಯೊಳಗೇ ದುಡಿಯುವವರು. ಇವತ್ತೇ ನಿಮ್ಮ ಮನೆಯ ಟಾರ್ಚನ್ನು ಕೈಗೆ ತೆಗೆದುಕೊಳ್ಳಿ. ಅಲುಗಾಡಿಸಿ ನೋಡಿ, ಮುಚ್ಚಳ ತಿರುಗಿಸಿ ರಬ್ಬರ್ ಬಳೆ ಇದೆಯೇ ನೋಡಿ, ನಿಮ್ಮ ಕೆಲಸದಲ್ಲಿ ಅದು ನೀರಿಗೆ ಬೀಳುತ್ತದೆಯೇ, ಕಲ್ಲಿಗೆ ಬೀಳುತ್ತದೆಯೇ ಎಂದು ಯೋಚಿಸಿ. ಹೊಸದು ತರುವುದಾದರೆ ಪೆಟ್ಟಿಗೆಯ ಚಿತ್ರಕ್ಕೆ ಮರುಳಾಗದೆ ಕೇಳಿ, ಪರೀಕ್ಷಿಸಿ, ಬಿಲ್ಲಿನೊಂದಿಗೆ ತನ್ನಿ. ಜತೆಗೆ ಸಣ್ಣದೊಂದು ಜೇಬಿನಲ್ಲಿರಲಿ. ಒಬ್ಬರೇ ಹೋಗಬೇಡಿ. ನೀವು ಒಳಗಿರುವಾಗ ಹೊರಗೆ ಯಾರೋ ಒಬ್ಬರು ನಿಂತಿರುತ್ತಾರೆ. ಅವರ ಕಣ್ಣಿಗೆ ನಿಮ್ಮ ಬೆಳಕು ಕಾಣುತ್ತಿರಲಿ.